ಇಂದಿನ ಧಮ್ಮ ಚಿಂತನೆ: ನೀರಿಗೆ ಯಾವ ವರ್ಣ?





ನೀರಿನ ಬಣ್ಣ ಯಾವುದು ಎಂದು ಶಾಲೆಯ ಮಕ್ಕಳನ್ನು ಕೇಳಿ. ನೀಲಿ ಎನ್ನುತ್ತಾರೆ. ಮರಕ್ಕೆ ಹಸಿರು, ನೆರಳಿಗೆ ಕಪ್ಪು. ನಾನು ಕನ್ನಡ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ರಜೆ ಹಾಕಿದ ದಿನ ಆ ಪೀರಿಯಡ್ಡೂ ನನಗೇ ಬರುತ್ತದೆ. ಪ್ರತಿ ವರ್ಷವೂ ಇದೇ ಉತ್ತರ. ಮಕ್ಕಳು ನೀರನ್ನು ನೋಡಿ ಹೇಳುವುದಿಲ್ಲ, ಹೇಳಿಕೊಟ್ಟದ್ದನ್ನು ಹೇಳುತ್ತಾರೆ.

ಫ್ರಾನ್ಸಿನ ಕೆಲವು ಚಿತ್ರಕಾರರು ಸುಮಾರು 150 ವರ್ಷಗಳ ಹಿಂದೆ ಹೇಳಿಕೊಟ್ಟ ಬಣ್ಣ ಬಿಟ್ಟು ಕಣ್ಣಿಗೆ ಕಂಡ ಬಣ್ಣ ಹಚ್ಚತೊಡಗಿದರು. ಇವರೇ ಇಂಪ್ರೆಷನಿಸ್ಟರು. 1869ರ ಬೇಸಿಗೆಯಲ್ಲಿ ಕ್ಲಾದ್ ಮೋನೆ ಮತ್ತು ರೆನ್ವಾ ಎಂಬ ಗೆಳೆಯರು ಪ್ಯಾರಿಸ್ ಹತ್ತಿರ ಸೇನ್ ನದಿಯ ದಡದಲ್ಲಿ, ಜನ ಈಜಲು ಬರುತ್ತಿದ್ದ ಒಂದು ಜಾಗವನ್ನು ಅಕ್ಕಪಕ್ಕ ಕೂತು ಚಿತ್ರಿಸಿದರು. ತೈಲವರ್ಣ ಅಷ್ಟರಲ್ಲಿ ಟ್ಯೂಬಿನಲ್ಲಿ ಸಿಗುತ್ತಿದ್ದುದರಿಂದ ಬಯಲಲ್ಲೇ ಕೆಲಸ ಮಾಡುವುದು ಸುಲಭವಾಗಿತ್ತು. ಮೋನೆಯ ಚಿತ್ರದಲ್ಲಿ ನೀರು ಒಂದೇ ನೀಲಿಯಲ್ಲ. ಎಲ್ಲವೂ ಕುಂಚದ ಅಡ್ಡಗೀಟುಗಳು. ಆಕಾಶದ ಬಿಂಬ ಬಿದ್ದ ಕಡೆ ತಿಳಿನೀಲಿ, ಮರ ಬಿದ್ದ ಕಡೆ ಹಸಿರು, ದೋಣಿ ಬಿದ್ದ ಕಡೆ ಕಂದು. ಮುಂದೆ ಇವರ ಚಿತ್ರಗಳಲ್ಲಿ ನೆರಳೂ ಕಪ್ಪಾಗಿ ಉಳಿಯಲಿಲ್ಲ. ಅಲ್ಲಿ ನೀಲಿಯೂ ನೇರಳೆಯೂ ಕಂಡವು.

ಇದನ್ನು ನಾವು ಪಟಿಚ್ಚ ಸಮುಪ್ಪಾದ ಎಂದು ಓದಿದ್ದೇವೆ. ಕಾರಣಗಳು ಕೂಡಿದಾಗ ಬಣ್ಣ ಹುಟ್ಟುತ್ತದೆ, ಕಾರಣ ಸರಿದಾಗ ಹೋಗುತ್ತದೆ. ನದಿಗೆ ಹುಟ್ಟಿನಿಂದ ಬಂದ ಬಣ್ಣವಿಲ್ಲ.

ನಮ್ಮ ಭಾಷೆಯಲ್ಲಿ ವರ್ಣ ಎಂದರೆ ಬಣ್ಣ. ಚಾತುರ್ವರ್ಣ್ಯದ ವರ್ಣವೂ ಅದೇ ಪದ. ಆ ವರ್ಣವನ್ನೂ ಯಾರೂ ನೋಡಿ ಹೇಳಿದ್ದಲ್ಲ, ಹೇಳಿಕೊಟ್ಟದ್ದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರನ್ನು ಕೈಯಲ್ಲಿ ತೆಗೆದು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ನೀರು ಮೊದಲು ಹೇಗಿತ್ತೋ ಹಾಗೇ ಇತ್ತು. ಮೈಲಿಗೆ ಇದ್ದದ್ದು ನೋಡುವವರ ಕಣ್ಣಿನಲ್ಲಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲವೂ ಅನಿತ್ಯ ಎಂದ ಮೇಲೆ ಅವಮಾನವೂ ಅನಿತ್ಯ, ಸಹಿಸಿಕೊಂಡು ಕೂರಿ ಎಂದು ನಮಗೆ ಉಪದೇಶ ಮಾಡುವವರಿದ್ದಾರೆ. ಆ ಚಿತ್ರಕಾರರನ್ನೇ ನೋಡಿ. ಬೆಳಕು ನಿಲ್ಲುವುದಿಲ್ಲ ಎಂದು ಗೊತ್ತಿದ್ದರಿಂದಲೇ ಅವರು ಬೇಗ ಬೇಗ ಕೆಲಸ ಮಾಡಿದರು. 1891ರಲ್ಲಿ ಎಪ್ಟ್ ಹೊಳೆಯ ದಡದಲ್ಲಿ ಮೋನೆ ಚಿತ್ರಿಸುತ್ತಿದ್ದ ಪಾಪ್ಲರ್ ಮರಗಳು ಹರಾಜಿಗೆ ಬಂದವು. ಅವರು ಮರದ ವ್ಯಾಪಾರಿಗೆ ಹಣ ಕೊಟ್ಟು, ಚಿತ್ರಗಳು ಮುಗಿಯುವವರೆಗೆ ಕಡಿಯದಂತೆ ಮಾಡಿಕೊಂಡರು. ಅನಿತ್ಯವನ್ನು ಬಲ್ಲವರು ಕೈಕಟ್ಟಿ ಕೂರುವುದಿಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸಿದ್ದೂ ಇದನ್ನೇ: ವಸ್ತುಗಳು ಅನಿತ್ಯವಾಗಿರುವುದರಿಂದಲೇ ಬದಲಾವಣೆ ಸಾಧ್ಯ. ಜಾತಿ ನಿತ್ಯವಾಗಿದ್ದರೆ ನಮ್ಮ ಹೋರಾಟಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅದು ಕಾರಣಗಳಿಂದ ನಿಂತಿದೆ, ಆದ್ದರಿಂದ ಕಾರಣಗಳನ್ನು ಕಿತ್ತರೆ ಬೀಳುತ್ತದೆ.

ಆ ಕಾರಣಗಳಲ್ಲಿ ಕೆಲವು ನಮ್ಮ ಮನೆಯೊಳಗೂ ಇವೆ. ದೀಕ್ಷೆ ತೆಗೆದುಕೊಂಡು, 22 ಪ್ರತಿಜ್ಞೆಗಳನ್ನು ಗೋಡೆಗೆ ತೂಗುಹಾಕಿದ ಮನೆಗಳಲ್ಲೂ ಹುಡುಗಿಗೆ ಗಂಡು ನೋಡುವಾಗ "ಅವರು ಎಡಗೈನವರಾ, ಬಲಗೈನವರಾ?" ಎಂಬ ಮಾತು ಬರುತ್ತದೆ. ಹುಡುಗನ ಓದು, ನಡತೆ, ಕೆಲಸ ಎಲ್ಲ ಕಣ್ಣೆದುರೇ ಇರುತ್ತವೆ. ಆದರೂ ನಾವು ನೋಡುವುದು ಅಜ್ಜ ಹೇಳಿಕೊಟ್ಟ ಬಣ್ಣವನ್ನು. ಸಮ್ಮಾ ದಿಟ್ಠಿ ಎಂಟು ಮಾರ್ಗಗಳಲ್ಲಿ ಮೊದಲನೆಯದು. ನೋಟ ಸರಿಯಾಗದೆ ಉಳಿದ ಏಳು ಸರಿಯಾಗುವುದು ಕಷ್ಟ.

ಇಂದಿನ ಅಭ್ಯಾಸ: ಸಂಜೆ ಐದು ನಿಮಿಷ ಕೆರೆ, ಹೊಳೆ, ಇಲ್ಲವೇ ಬಕೆಟ್ಟಿನ ನೀರನ್ನಾದರೂ ಸುಮ್ಮನೆ ನೋಡಿ, ಎಷ್ಟು ಬಣ್ಣ ಕಂಡವು ಎಂದು ಎಣಿಸಿ. ಆಮೇಲೆ ಇವತ್ತು ಭೇಟಿಯಾದ ಒಬ್ಬರನ್ನು ನೆನೆದು ಕೇಳಿಕೊಳ್ಳಿ: ನಾನು ಅವರನ್ನು ನೋಡಿದೆನಾ, ಅಥವಾ ಮೊದಲೇ ಹಚ್ಚಿಟ್ಟ ಬಣ್ಣವನ್ನು ನೋಡಿದೆನಾ?

ಭವತು ಸಬ್ಬ ಮಂಗಲಂ.
ಜೈ ಭೀಮ್.