ಮುಚ್ಚಿಟ್ಟ ಸಂಪತ್ತು

ಬಳಸದೆ ಮುಚ್ಚಿಟ್ಟ ಸಂಪತ್ತು ಇದ್ದೂ ಇಲ್ಲದಂತೆ. ಕೆನಡಾ ದೇಶದ ಯೂಕಾನ್ ಸೀಮೆಯಲ್ಲಿ, ಊರು ದಾಟಿದರೆ ಮೊಬೈಲು ಮೂಕವಾಗುವ ಕಾಡುಗಳು ಅಪಾರ. ಅಲ್ಲಿ ಬಿಡಾರ ಹೂಡಿದವನ ಕಾಲು ಮುರಿದರೆ ಅವನ ಕೂಗು ಯಾರಿಗೆ ಕೇಳೀತು? ಮನೆಯ ಅಟ್ಟದಲ್ಲಿ ಧೂಳು ಹಿಡಿದಿರುವ ಹೆಚ್ಚಿನ ಸ್ಟಾರ್‌ಲಿಂಕ್ ಡಿಶ್ಶನ್ನು ಅಲ್ಲಿಗೊಯ್ದು, ಚಂದಾ ಕಟ್ಟಿ, ಇನ್ವರ್ಟರಿನ ಮೂಲಕ ಬ್ಯಾಟರಿಗೆ ಜೋಡಿಸಿದರೆ, ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಆ ಕೂಗನ್ನು ಊರಿಗೆ ಮುಟ್ಟಿಸುವುವು.

ಆದರೆ ಡಿಶ್ಶಿಗೂ ಆಕಾಶಕ್ಕೂ ನಡುವೆ ಮರೆ ಇರಲಾಗದು. ಸ್ಪ್ರೂಸ್ ಮರದ ಕೊಂಬೆ ಅಡ್ಡ ಬಂದರೂ ಸಂಪರ್ಕ ತುಂಡಾಗುವುದು. ಅದಕ್ಕಾಗಿ ಮರವನ್ನು ಕಡಿಯುವುದು ವಿವೇಕವಲ್ಲ. ಡಿಶ್ಶನ್ನೇ ಬಯಲಿಗೆ ಸರಿಸಬೇಕು.

ಮಾನವನ ಪಾಡೂ ಇದೇ. ಆಕಾಶವು ಯಾರಿಗೂ ಬಾಗಿಲಿಕ್ಕಿಲ್ಲ. ಮರೆಯಲ್ಲಿ ನಿಂತವನು ತಾನೇ ಸರಿಯಬೇಕು. ತನ್ನಲ್ಲಿ ಹೆಚ್ಚಾದುದನ್ನು ಬಯಲಿಗೆ ತಂದು ನೊಂದವರ ಕೂಗಿಗೆ ದಾರಿಯಾಗಿಸುವುದೇ ಸಂಪತ್ತಿನ ಸಾರ್ಥಕ್ಯ.