ನಡೆಯದ ಡಿಕ್ಕಿ ಕಾರಣವಾಗಬಲ್ಲದೆ?

ಇಲ್ಲದಿರುವಿಕೆಯೂ ಒಂದು ಕಾರ್ಯಕ್ಕೆ ಕಾರಣವಾಗಬಲ್ಲದೆ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಬೆಂಕಿ ಮತ್ತು ಮಣಿಯ ಉದಾಹರಣೆಯನ್ನಿಟ್ಟುಕೊಂಡು ಚರ್ಚಿಸಿದ್ದಾರೆ. ಒಂದು ಬಗೆಯ ಮಣಿ ಸಮೀಪದಲ್ಲಿದ್ದರೆ ಬೆಂಕಿ ಸುಡುವುದಿಲ್ಲ, ತೆಗೆದರೆ ಸುಡುತ್ತದೆ ಎಂಬುದನ್ನು ಎರಡೂ ಪಕ್ಷದವರು ಒಪ್ಪಿಕೊಂಡೇ ವಾದಕ್ಕಿಳಿಯುತ್ತಾರೆ. ಬೆಂಕಿಯಲ್ಲಿ ಕಣ್ಣಿಗೆ ಕಾಣದ ದಾಹಕ ಸಾಮರ್ಥ್ಯವೊಂದಿದ್ದು ಮಣಿಯು ಅದನ್ನು ನಾಶಮಾಡುತ್ತದೆ ಎಂಬುದು ಮೀಮಾಂಸಕರ ನಿಲುವು. ಅಂಥ ಅದೃಶ್ಯ ಸಾಮರ್ಥ್ಯವನ್ನು ಕಲ್ಪಿಸುವ ಅಗತ್ಯವಿಲ್ಲ, ಪ್ರತಿಬಂಧಕಾಭಾವ, ಅಂದರೆ ಅಡ್ಡಿಯೊಂದು ಇಲ್ಲದಿರುವುದೇ, ಬೆಂಕಿಯೊಡನೆ ಸೇರಿ ಕಾರಣವಾಗುತ್ತದೆ ಎಂದು ನ್ಯಾಯ ದರ್ಶನದ, 10ನೆಯ ಶತಮಾನದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ವಾದಿಸಿದರು.

ಮಣಿಯ ಸ್ಥಾನದಲ್ಲಿ ಕಣಗಳ ಡಿಕ್ಕಿಯನ್ನಿಟ್ಟು ಈ ವಾದವನ್ನು ಪರೀಕ್ಷಿಸಲು ಆಕಾಶದ ನೀಹಾರಿಕೆಗಳು ಅವಕಾಶ ಕೊಡುತ್ತವೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಡ್ರೇಕೋ ನಕ್ಷತ್ರಪುಂಜದ ನೀಹಾರಿಕೆಯೊಂದರ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿದಾಗ ಕಂಡ ಹಸಿರು ಗೆರೆ ಪರಿಚಿತ ಧಾತುಗಳಿಗೆ ಹೊಂದಲಿಲ್ಲ. ಮುಂದೆ ಅದರ ಸಲುವಾಗಿ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಊಹಿಸಲಾಯಿತು. ಆ ಗೆರೆ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ್ದೇ ಎಂದು ಐರಾ ಬೋವೆನ್ 1927ರಲ್ಲಿ ತೋರಿಸಿದರು. ಸುಮಾರು 10,000 ಡಿಗ್ರಿ ತಾಪದ ಪ್ಲಾಸ್ಮಾದಲ್ಲಿ, ಎಂದರೆ ಎಲೆಕ್ಟ್ರಾನುಗಳೂ ಅವುಗಳನ್ನು ಕಳೆದುಕೊಂಡ ಅಯಾನುಗಳೂ ಬಿಡಿಬಿಡಿಯಾಗಿ ಅಲೆಯುವ ಅನಿಲದಲ್ಲಿ, ಎಲೆಕ್ಟ್ರಾನೊಂದು ಡಿಕ್ಕಿ ಹೊಡೆದು ಆಮ್ಲಜನಕದ ಅಯಾನನ್ನು ಮೇಲಿನ ಮಟ್ಟಕ್ಕೆ ಏರಿಸುತ್ತದೆ. ಸಾಮಾನ್ಯವಾಗಿ ಹೀಗೆ ಏರಿದ ಕಣವು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಬೆಳಕು ಚೆಲ್ಲಿ ಇಳಿದುಬಿಡುತ್ತದೆ. ಈ ಮಟ್ಟದಲ್ಲಾದರೋ ಸರಾಸರಿ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಅಷ್ಟರೊಳಗೆ ಇನ್ನೊಂದು ಡಿಕ್ಕಿ ಒದಗಿದರೆ ಅಯಾನು ಪಡೆದ ಶಕ್ತಿ ಹೊಸದಾಗಿ ಡಿಕ್ಕಿ ಹೊಡೆದ ಎಲೆಕ್ಟ್ರಾನಿನ ಪಾಲಾಗಿ, ಬೆಳಕು ಹುಟ್ಟದೆ ಹೋಗಬಹುದು. ಘನ ಸೆಂಟಿಮೀಟರಿಗೆ ಕೆಲವು ಸಾವಿರ ಎಲೆಕ್ಟ್ರಾನುಗಳಷ್ಟೇ ಇರುವ ನೀಹಾರಿಕೆಯಲ್ಲಿ ಅಂಥ ಡಿಕ್ಕಿಗೆ ಗಂಟೆಗಳೇ ಹಿಡಿಯುವುದರಿಂದ 500.7 ನ್ಯಾನೋಮೀಟರ್ ಅಲೆಯುದ್ದದ ಹಸಿರು ಬೆಳಕು ಹೊರಬರುತ್ತದೆ.

ಇಲ್ಲಿ ಮೀಮಾಂಸಕರ ಮಾತು ಸಲ್ಲುವುದಿಲ್ಲ. ಬೆಳಕು ಚೆಲ್ಲುವ ಸಾಮರ್ಥ್ಯವು ಅಯಾನಿನ ರಚನೆಗೇ ಸೇರಿದ್ದು, ಪ್ರಯೋಗಶಾಲೆಯಲ್ಲಿಯೂ ನೀಹಾರಿಕೆಯಲ್ಲಿಯೂ ಅದು ಒಂದೇ; ಎರಡನೆಯ ಡಿಕ್ಕಿ ಕಸಿಯುವುದು ಸಾಮರ್ಥ್ಯವನ್ನಲ್ಲ, ಅದು ಪ್ರಕಟವಾಗುವ ಸಂದರ್ಭವನ್ನು. ಹಾಗೆಂದು ಉದಯನರ ಗೆಲುವೂ ಪೂರ್ಣವಲ್ಲ. ಹಸಿರು ಬೆಳಕಿನ ಒಂದು ಕಣವೂ ಅಭಾವದಿಂದ ಬಂದದ್ದಲ್ಲ, ಮೊದಲ ಡಿಕ್ಕಿ ಕೊಟ್ಟ ಶಕ್ತಿಯೇ ಬೆಳಕಾಗಿ ಹೊರಟಿದೆ. ಆದರೆ ಅದೇ ಆಮ್ಲಜನಕ ಅಲ್ಲಿ ಹಸಿರಾಗಿ ಬೆಳಗುವುದೇಕೆ, ಇಲ್ಲಿ ಪ್ರಯೋಗಶಾಲೆಯಲ್ಲಿ ಏಕಿಲ್ಲ ಎಂದು ಕೇಳಿದರೆ, ನೀಹಾರಿಕೆಯ ಅಗಾಧ ಗಾತ್ರದ ಜೊತೆಗೆ, ನಡೆಯದೆ ಹೋದ ಡಿಕ್ಕಿಯನ್ನು ಹೇಳದೆ ಉತ್ತರ ಮುಗಿಯುವುದಿಲ್ಲ.

ಅಭಾವವನ್ನು ಕಾರಣವೆಂದು ಒಪ್ಪಿದರೆ ಲೆಕ್ಕವಿಲ್ಲದಷ್ಟು ಅಭಾವಗಳನ್ನು ಒಪ್ಪಬೇಕಾದೀತು ಎಂಬ ಆಕ್ಷೇಪ ಸಹಜವಾದದ್ದೇ, ಏಕೆಂದರೆ ನೀಹಾರಿಕೆಯಲ್ಲಿ ಆನೆಯೂ ಇಲ್ಲ. ಯಾವ ಅಭಾವ ಗಣನೆಗೆ ಬರುತ್ತದೆ ಎಂಬುದಕ್ಕೆ ಭೌತವಿಜ್ಞಾನದಲ್ಲಿ ಒಂದು ಅಳತೆಯಿದೆ: ಘನ ಸೆಂಟಿಮೀಟರಿಗೆ ಸುಮಾರು ಏಳು ಲಕ್ಷ ಎಲೆಕ್ಟ್ರಾನುಗಳಾದಾಗ ಈ ಅಯಾನು ಡಿಕ್ಕಿಯಿಂದ ಇಳಿಯುವುದೂ ಬೆಳಕು ಚೆಲ್ಲಿ ಇಳಿಯುವುದೂ ಸಮನಾಗುತ್ತವೆ, ಇದನ್ನು ಕ್ರಾಂತಿಕ ಸಾಂದ್ರತೆ ಎನ್ನುತ್ತಾರೆ. ಪ್ರತಿಬಂಧಕವು ಇದೆ ಅಥವಾ ಇಲ್ಲ ಎಂಬ ಎರಡೇ ಪಕ್ಷಗಳ ನ್ಯಾಯದ ಚೌಕಟ್ಟಿಗೆ ಹೀಗೆ ಏರಿಳಿಯುವ ಅಭಾವ ಸುಲಭವಾಗಿ ಒಗ್ಗದು.

ತಣ್ಣನೆಯ ಹೈಡ್ರೋಜನ್ ಮೋಡಗಳು ಇದಕ್ಕಿಂತ ದೊಡ್ಡ ತೊಡಕನ್ನು ಒಡ್ಡುತ್ತವೆ. ಅವು ಹೊಮ್ಮಿಸುವ 21 ಸೆಂಟಿಮೀಟರ್ ರೇಡಿಯೋ ಅಲೆಗಾಗಿ ಒಂದು ಪರಮಾಣು ಸರಾಸರಿ ಒಂದು ಕೋಟಿ ವರ್ಷಕ್ಕೂ ಮೀರಿ ಕಾಯಬೇಕು. ಡಿಕ್ಕಿಗಳು ಅದಕ್ಕಿಂತ ಎಷ್ಟೋ ಬೇಗ, ಮತ್ತೆ ಮತ್ತೆ ನಡೆಯುತ್ತವೆ. ಆದರೂ ಆ ಅಲೆ ನಿಲ್ಲುವುದಿಲ್ಲ, ಏಕೆಂದರೆ ಪರಮಾಣುವನ್ನು ಕೆಳಕ್ಕಿಳಿಸುವ ಡಿಕ್ಕಿಗಳೇ ಅದನ್ನು ಮತ್ತೆ ಮೇಲೇರಿಸಿ, ನಾಲ್ಕರಲ್ಲಿ ಮೂರು ಪಾಲು ಪರಮಾಣುಗಳನ್ನು ಮೇಲಿನ ಮಟ್ಟದಲ್ಲಿಯೇ ಉಳಿಸುತ್ತವೆ. ಆಮ್ಲಜನಕಕ್ಕೆ ಅಡ್ಡಿಯಾದದ್ದು ಹೈಡ್ರೋಜನ್ನಿಗೆ ಆಸರೆಯಾಗುವುದಾದರೆ, ಪ್ರತಿಬಂಧಕತೆಯನ್ನು ಡಿಕ್ಕಿಯ ಸ್ವಭಾವದಲ್ಲಿ ಹುಡುಕಲು ಬರುವುದಿಲ್ಲ.