ನಿಲ್ಲಿಸದೆ ಬಿಟ್ಟ ಸಾಲು

ಪಿಎಚ್‌ಪಿ ಭಾಷೆಯಲ್ಲಿ ಸ್ಕ್ರಿಪ್ಟನ್ನು ನಡುವೆಯೇ ನಿಲ್ಲಿಸಲು ಎರಡು ಪದಗಳಿವೆ: ಎಕ್ಸಿಟ್ ಮತ್ತು ಡೈ. ಒಂದು ‘ಹೊರಡು’ ಎನ್ನುತ್ತದೆ, ಇನ್ನೊಂದು ‘ಸಾಯಿ’ ಎನ್ನುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಇವುಗಳಲ್ಲಿ ಒಂದನ್ನು ನಾನು ಬರೆಯದೆ ಬಿಟ್ಟ ಕತೆ ಇದು.

ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ವಿದ್ಯಾರ್ಥಿವೇತನದ ಜಾಲತಾಣ ಮಾಡಿಕೊಟ್ಟಿದ್ದೆ. ಅರ್ಜಿದಾರರ ಪಟ್ಟಿ ಎಲ್ಲರಿಗೂ ಕಾಣುತ್ತಿತ್ತು. ಪ್ರತಿ ಹೆಸರಿನ ಪಕ್ಕದಲ್ಲಿ ಅಳಿಸುವ ಕೊಂಡಿ ಇತ್ತು. ಲಾಗಿನ್ ಆಗದೆ ಅದನ್ನು ಒತ್ತಿದವರನ್ನು ಲಾಗಿನ್ ಪುಟಕ್ಕೆ ಕಳುಹಿಸುವ ಸಾಲನ್ನೂ ಬರೆದಿದ್ದೆ. ಅದರ ಕೆಳಗೆ ಎಕ್ಸಿಟ್ ಇರಲಿಲ್ಲ. ಹೆಡರ್ ಕಳುಹಿಸಿದರೆ ಬ್ರೌಸರ್ ಬೇರೆ ಪುಟಕ್ಕೆ ಹೋಗುತ್ತದೆ. ಸ್ಕ್ರಿಪ್ಟ್ ಮಾತ್ರ ನಿಲ್ಲದೆ ಉಳಿದ ಸಾಲುಗಳನ್ನೂ ನಡೆಸುತ್ತದೆ. ಹುಡುಕುತಾಣದ ಬಾಟ್ ಒಂದು ಕೊಂಡಿಗಳನ್ನು ಹಿಡಿದು ಬಂತು. ಪ್ರತಿ ಸಲವೂ ಅದಕ್ಕೆ ‘ಇಲ್ಲಿ ನಿನಗೆ ಪ್ರವೇಶವಿಲ್ಲ’ ಎಂಬ ಉತ್ತರ ಸಿಕ್ಕಿತು. ಪ್ರತಿ ಸಲವೂ ಒಂದು ಅರ್ಜಿ ಅಳಿಯಿತು.

ಬೇಡ ಎನ್ನುವುದು ಬೇರೆ, ನಿಲ್ಲಿಸುವುದು ಬೇರೆ ಎಂದು ನನಗೆ ಹೊಳೆದದ್ದು ಆಗ. ವರದಕ್ಷಿಣೆ ತಪ್ಪು ಎಂದು ಸಭೆಯಲ್ಲಿ ಮಾತಾಡುತ್ತೇವೆ. ತಂಗಿಯ ಮದುವೆಯ ಮಾತುಕತೆಯಲ್ಲಿ ಸುಮ್ಮನೆ ಕೂರುತ್ತೇವೆ. ಬಾಯಿ ನಿರಾಕರಿಸಿರುತ್ತದೆ, ಕೈ ತನ್ನ ಕೆಲಸ ಮುಂದುವರಿಸಿರುತ್ತದೆ. ನಿರಾಕರಿಸಿದೆವಲ್ಲ ಎಂಬ ಸಮಾಧಾನದಲ್ಲಿ ಕೈಯ ಕಡೆ ನೋಡುವುದೇ ಇಲ್ಲ.

ಹಾಗಾದರೆ ನಿಲ್ಲಿಸಿಬಿಟ್ಟರೆ ಸಾಕೆ? ಅದೂ ಸಾಲದು. ಹಳೆಯ ಪಿಎಚ್‌ಪಿ ಪುಸ್ತಕಗಳಲ್ಲಿ ದತ್ತಸಂಚಯ ಸಿಗದಿದ್ದರೆ ಡೈ ಎಂದು ಬರೆಯುವ ರೂಢಿಯಿತ್ತು. ಬಂದವರ ಮುಖಕ್ಕೆ ಒಂದು ಸಾಲು ಎಸೆದು ಸ್ಕ್ರಿಪ್ಟ್ ಸಾಯುತ್ತಿತ್ತು. ಎಕ್ಸಿಟ್ ಕರೆದರೆ ‘ಫೈನಲಿ’ ಎಂದು ಬರೆದಿಟ್ಟ ಭಾಗವೂ ನಡೆಯುವುದಿಲ್ಲ. ಆದರೆ ಮುಚ್ಚುವ ಹೊತ್ತಿಗೆಂದು ಮೊದಲೇ ನೋಂದಾಯಿಸಿದ ಕೆಲಸಗಳು ನಡೆಯುತ್ತವೆ. ಅರ್ಧಕ್ಕೆ ಬಿಟ್ಟು ಹೋಗುವ ಹಕ್ಕು ಇದೆ. ಹೋದ ಮೇಲೆ ಉಳಿದವರಿಗೆ ಏನು ಎಂಬುದನ್ನು ಹೋಗುವ ಮೊದಲೇ ಯೋಚಿಸಿರಬೇಕು.

ನಾನು ಯೋಚಿಸಿರಲಿಲ್ಲ. ಅರ್ಜಿಗಳ ಇನ್ನೊಂದು ಪ್ರತಿ ಇಟ್ಟಿರಲಿಲ್ಲ. ಸಂಸ್ಥೆಯವರು ಕೇಳಿದಾಗ “ಸರ್ವರ್ ತೊಂದರೆ ಕೊಟ್ಟಿದೆ, ಮೇಡಂ” ಎಂದೆ. ಮಕ್ಕಳು ಮತ್ತೆ ಅರ್ಜಿ ಹಾಕಬೇಕಾಯಿತು. ಕೆಲವರು ಹಾಕಲೇ ಇಲ್ಲ. ಸುದ್ದಿ ಅವರಿಗೆ ತಲುಪಲಿಲ್ಲವೋ, ಬೇಸರವಾಯಿತೋ, ನನಗೆ ತಿಳಿಯದು. ತಪ್ಪು ನನ್ನದೆಂದು ಹೇಳಿದ್ದರೆ ಅವರ ಮನೆಗಳಿಗೆ ಫೋನ್ ಮಾಡುವ ಕೆಲಸವಾದರೂ ನನ್ನ ಪಾಲಿಗೆ ಬರುತ್ತಿತ್ತು.

ಕೋಡನ್ನು ಅದೇ ರಾತ್ರಿ ಸರಿಪಡಿಸಿದೆ. ಒಂದೇ ಪದ ಸೇರಿಸಿದರೆ ಸಾಕಿತ್ತು. ಸುಳ್ಳನ್ನು ಮಾತ್ರ ಮೊದಲ ವಾಕ್ಯದಲ್ಲೇ ನಿಲ್ಲಿಸಲಿಲ್ಲ. ಅದು ಇನ್ನೂ ನಡೆಯುತ್ತಲೇ ಇದೆ.